ಹೊಸ ಮನೆಯ ವಾರಂಟಿ ಮತ್ತು ಮಧ್ಯಸ್ಥಿಕೆ ಷರತ್ತು: ಯಾರನ್ನು ಕಟ್ಟುತ್ತದೆ, ಯಾರನ್ನು ಬಿಡುತ್ತದೆ?

ಬೆಂಗಳೂರಿನ ಪೀಣ್ಯದಲ್ಲಿ ಅಲ್ಯೂಮಿನಿಯಂ ಕಿಟಕಿಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. ವಸತಿ ಸಮುಚ್ಚಯವೊಂದಕ್ಕೆ ಅದು ನಾನೂರು ಕಿಟಕಿಗಳನ್ನು ಪೂರೈಸಿದೆ, ಬಹುಪಾಲು ಹಣವನ್ನು ಪಡೆದಿದೆ, ತಾನು ಕೊಟ್ಟ ಒಂದು ವರ್ಷದ ವಾರಂಟಿಯೂ ಮುಗಿದಿದೆ. ಮನೆಗಳ ಸ್ವಾಧೀನವನ್ನು ಖರೀದಿದಾರರಿಗೆ ಒಪ್ಪಿಸಿದ್ದು ಪೂರೈಕೆಯಾದ ಎರಡು ವರ್ಷಗಳ ನಂತರ. ಸ್ವಾಧೀನದ ನಾಲ್ಕನೆಯ ಮಳೆಗಾಲದಲ್ಲಿ ಕಿಟಕಿಗಳ ಅಂಚಿನಿಂದ ನೀರು ಒಳಗಿಳಿಯತೊಡಗುತ್ತದೆ. ನಿವಾಸಿಗಳು ಬಿಲ್ಡರ್ ಸಂಸ್ಥೆಯ ವಿರುದ್ಧ ರೇರಾ ಪ್ರಾಧಿಕಾರದ ಮೆಟ್ಟಿಲೇರುತ್ತಾರೆ. ಸಂಸ್ಥೆಯು ತನ್ನ ಮಾರಾಟ ಕರಾರಿನಲ್ಲಿರುವ ಮಧ್ಯಸ್ಥಿಕೆ ಷರತ್ತನ್ನು ಮುಂದಿಡುತ್ತದೆ. ಅದು ನಿಲ್ಲುವುದಿಲ್ಲ. ಪರಿಹಾರ ತೆತ್ತ ಸಂಸ್ಥೆಯು ಪೀಣ್ಯದ ಘಟಕಕ್ಕೆ ನೋಟಿಸು ಕಳುಹಿಸುತ್ತದೆ: ಖರೀದಿ ಆದೇಶದ ಹಿಂಬದಿಯಲ್ಲಿ ಅಚ್ಚಾಗಿರುವ ಷರತ್ತುಗಳಂತೆ 12 ಲಕ್ಷ ರೂಪಾಯಿ ತುಂಬಿಕೊಡಬೇಕು, ಒಪ್ಪದಿದ್ದಲ್ಲಿ ಗುರುಗ್ರಾಮದಲ್ಲಿ ಮಧ್ಯಸ್ಥಿಕೆ. ಈ ಬಾರಿ ಷರತ್ತು ನಿಲ್ಲುತ್ತದೆ.

ನಿದರ್ಶನ ಕಾಲ್ಪನಿಕವಾದರೂ ಅದರೊಳಗಿನ ಕಾನೂನು ಕಾಲ್ಪನಿಕವಲ್ಲ. ಕಟ್ಟಡ ಒಂದೇ, ದೋಷ ಒಂದೇ, ಷರತ್ತಿನ ಪದಗಳೂ ಬಹುಮಟ್ಟಿಗೆ ಒಂದೇ. ಆದರೂ ಮನೆ ಕೊಂಡವನನ್ನು ಕಟ್ಟಲಾಗದ ಷರತ್ತು ಕಿಟಕಿ ಮಾರಿದವನನ್ನು ಬಿಗಿಯಾಗಿ ಕಟ್ಟುತ್ತದೆ. ಕಟ್ಟಡ ಉದ್ಯಮಕ್ಕೆ ಸರಕು ಒದಗಿಸುವ ಸಹಸ್ರಾರು ಸಣ್ಣ ತಯಾರಕರು ಮತ್ತು ವರ್ತಕರು ಈ ವ್ಯತ್ಯಾಸವನ್ನು ಸಹಿ ಹಾಕುವ ಮೊದಲೇ ಅರಿತಿರುವುದು ಅವಶ್ಯಕ.

ಮಧ್ಯಸ್ಥಿಕೆ ಷರತ್ತಿನ ಸ್ವರೂಪ

ವ್ಯಾಪಾರಿ ವಲಯದಲ್ಲಿ ಆರ್ಬಿಟ್ರೇಷನ್ ಎಂದೇ ಬಳಕೆಯಲ್ಲಿರುವ ಮಧ್ಯಸ್ಥಿಕೆ ಎಂದರೆ, ವಿವಾದವನ್ನು ನ್ಯಾಯಾಲಯಕ್ಕೆ ಒಯ್ಯದೆ ಉಭಯ ಪಕ್ಷಗಳು ಒಪ್ಪಿದ ಖಾಸಗಿ ತೀರ್ಪುಗಾರನ ಮುಂದೆ ಇಡುವ ವ್ಯವಸ್ಥೆ. ಇದು ರಾಜಿ ಸಂಧಾನವಲ್ಲ. ಸಂಧಾನಕಾರನು ಸಲಹೆ ನೀಡುತ್ತಾನೆ, ಮಧ್ಯಸ್ಥಗಾರನು ಐತೀರ್ಪು ನೀಡುತ್ತಾನೆ. ಆ ಐತೀರ್ಪು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ ಮತ್ತು ಅದನ್ನು ರದ್ದುಪಡಿಸಲು ಇರುವ ಕಾರಣಗಳು ಬಹಳ ಕಡಿಮೆ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆಯ 8ನೆಯ ಕಲಮಿನಂತೆ, ಇಂತಹ ಕರಾರು ಇದ್ದೂ ಒಬ್ಬನು ನ್ಯಾಯಾಲಯಕ್ಕೆ ಹೋದರೆ, ಎದುರುಪಕ್ಷದ ಕೋರಿಕೆಯ ಮೇರೆಗೆ ನ್ಯಾಯಾಲಯವು ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕು. ಈ ಕೋರಿಕೆಯನ್ನು ವಿವಾದದ ವಿಷಯದ ಬಗ್ಗೆ ತನ್ನ ಮೊದಲ ಹೇಳಿಕೆಯನ್ನು ಸಲ್ಲಿಸುವುದರೊಳಗೆ ಮಾಡಬೇಕಾಗುತ್ತದೆ. ಪ್ರತಿವಾದ ಪತ್ರ ಸಲ್ಲಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕಾಯಿದೆ ಕೊಟ್ಟ ಐದು ವರ್ಷ

ಹೊಸ ಮನೆಯ ವಾರಂಟಿ ಹಿಂದೆ ಬಿಲ್ಡರ್‌ನ ಔದಾರ್ಯಕ್ಕೆ ಬಹುಮಟ್ಟಿಗೆ ಬಿಟ್ಟ ವಿಷಯವಾಗಿತ್ತು. ಸಾಮಾನ್ಯವಾಗಿ ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, ಅಂದರೆ ರೇರಾ, ಈ ಸ್ಥಿತಿಯನ್ನು ಬದಲಿಸಿತು. ಅದರ 14ನೆಯ ಕಲಮಿನ 3ನೆಯ ಉಪಕಲಮು ಹೇಳುವುದಿಷ್ಟು: ಕಟ್ಟಡದ ರಚನೆಯಲ್ಲಿ, ಕೆಲಸಗಾರಿಕೆಯಲ್ಲಿ, ಗುಣಮಟ್ಟದಲ್ಲಿ ಅಥವಾ ಸೇವೆ ಒದಗಿಸುವುದರಲ್ಲಿ ದೋಷವಿದ್ದು, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಅದನ್ನು ಪ್ರವರ್ತಕನ ಗಮನಕ್ಕೆ ತಂದರೆ, ಆತನು ಹೆಚ್ಚಿನ ಹಣ ಪಡೆಯದೆ 30 ದಿನಗಳಲ್ಲಿ ಸರಿಪಡಿಸಬೇಕು. ತಪ್ಪಿದರೆ ಮನೆ ಪಡೆದವನಿಗೆ ಪರಿಹಾರದ ಹಕ್ಕು ಹುಟ್ಟುತ್ತದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಈ ಹೊಣೆ ಕಂಬ ತೊಲೆಗಳ ಬಿರುಕಿಗೆ ಮಾತ್ರ ಸೀಮಿತವಲ್ಲ. ನೀರು ಸೋರುವ ಕಿಟಕಿ, ಉಬ್ಬಿಬರುವ ಟೈಲ್ಸು, ಕಿತ್ತುಬರುವ ಜಲನಿರೋಧಕ ಲೇಪ, ಒಡೆಯುವ ಪೈಪು ಇವೆಲ್ಲವೂ ಗುಣಮಟ್ಟ ಮತ್ತು ಕೆಲಸಗಾರಿಕೆಯ ಹೆಸರಿನಲ್ಲಿ ಅದರೊಳಗೆ ಬರಬಹುದು. ಎರಡನೆಯದು, ಐದು ವರ್ಷದ ಎಣಿಕೆ ಆರಂಭವಾಗುವುದು ಸ್ವಾಧೀನ ಕೊಟ್ಟ ದಿನದಿಂದ, ಸರಕು ಪೂರೈಸಿದ ದಿನದಿಂದಲ್ಲ. ಸಣ್ಣ ತಯಾರಕನ ಪಾಲಿಗೆ ತೊಡಕು ಬೇರೂರುವುದು ಇಲ್ಲಿಯೇ.

ಮನೆ ಕೊಂಡವನನ್ನು ಷರತ್ತು ಕಟ್ಟುವುದಿಲ್ಲ

ಮಾರಾಟ ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತು ಇದ್ದರೂ ಖರೀದಿದಾರನು ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಎರಡು ದಶಕಗಳಿಗೂ ಮಿಕ್ಕಿದ ಇತಿಹಾಸವಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ 3ನೆಯ ಕಲಮು, ಆ ಕಾಯಿದೆಯ ಪರಿಹಾರವು ಇತರ ಕಾನೂನುಗಳ ಪರಿಹಾರಕ್ಕೆ ಹೆಚ್ಚುವರಿಯೇ ಹೊರತು ಅದಕ್ಕೆ ಕುಂದು ತರುವಂಥದ್ದಲ್ಲ ಎಂದು ಹೇಳಿತ್ತು. ಅದನ್ನೇ ಆಧರಿಸಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಹವಾನಿಯಂತ್ರಣ ವ್ಯವಸ್ಥೆಯ ಅಳವಡಿಕೆಗೆ ಸಂಬಂಧಿಸಿದ ಫೇರ್ ಏರ್ ಎಂಜಿನಿಯರ್ಸ್ ಪ್ರಕರಣದಲ್ಲಿ, ಮಧ್ಯಸ್ಥಿಕೆ ಷರತ್ತು ಗ್ರಾಹಕ ವೇದಿಕೆಯ ಬಾಗಿಲನ್ನು ಮುಚ್ಚುವುದಿಲ್ಲ ಎಂದು ತೀರ್ಮಾನಿಸಿತು. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಬೀಜ ಕೊಂಡ ರೈತರಿಗೂ ಇದೇ ನಿಯಮ ಅನ್ವಯವಾಯಿತು. ಗ್ರಾಹಕನು ಮಧ್ಯಸ್ಥಿಕೆಯನ್ನೇ ಆರಿಸಿಕೊಳ್ಳಬಹುದು, ಆದರೆ ಅದು ಅವನ ಆಯ್ಕೆ. ಒಮ್ಮೆ ಆ ದಾರಿ ಹಿಡಿದ ಮೇಲೆ ಗ್ರಾಹಕ ವೇದಿಕೆಗೆ ಮರಳುವುದು ಕಷ್ಟ ಎಂಬ ಸೂಚನೆಯೂ ಆ ತೀರ್ಪಿನಲ್ಲಿದೆ.

2015ರಲ್ಲಿ ಪರಿಸ್ಥಿತಿ ಬದಲಾದಂತೆ ಕಂಡಿತು. ಆ ವರ್ಷದ ತಿದ್ದುಪಡಿಯಿಂದ ಮಧ್ಯಸ್ಥಿಕೆ ಕಾಯಿದೆಯ 8ನೆಯ ಕಲಮಿಗೆ, ಯಾವುದೇ ನ್ಯಾಯಾಲಯದ ತೀರ್ಪು ಏನೇ ಇದ್ದರೂ ಸಿಂಧುವಾದ ಕರಾರು ಮೇಲ್ನೋಟಕ್ಕೆ ಕಂಡುಬಂದರೆ ಮಧ್ಯಸ್ಥಿಕೆಗೆ ಒಪ್ಪಿಸಬೇಕು ಎಂಬ ಅರ್ಥದ ಪದಗಳು ಸೇರಿದವು. ಹಳೆಯ ತೀರ್ಪುಗಳ ಆಸರೆ ಗ್ರಾಹಕನಿಗೆ ಇನ್ನಿಲ್ಲ ಎಂದು ಬಿಲ್ಡರ್ ಸಂಸ್ಥೆಗಳು ವಾದಿಸಿದವು. ಎಮಾರ್ ಎಂಜಿಎಫ್ ಲ್ಯಾಂಡ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠವು 2017ರ ಜುಲೈನಲ್ಲಿ ಈ ವಾದವನ್ನು ತಳ್ಳಿಹಾಕಿತು. ಮೇಲ್ಮನವಿಯೂ ಬಿದ್ದುಹೋಯಿತು. 2018ರ ಡಿಸೆಂಬರ್ 10ರಂದು ಪುನರ್ವಿಮರ್ಶೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ವಿವರವಾದ ತೀರ್ಪನ್ನು ನೀಡಿ, ವಿಶೇಷ ಕಾನೂನು ಕಲ್ಪಿಸಿದ ವಿಶೇಷ ಪರಿಹಾರಗಳನ್ನು ಕಿತ್ತುಕೊಳ್ಳುವುದು ತಿದ್ದುಪಡಿಯ ಉದ್ದೇಶವಾಗಿರಲಿಲ್ಲ ಎಂದು ಸ್ಪಷ್ಟಪಡಿಸಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ 100ನೆಯ ಕಲಮಿನಲ್ಲಿ ಹಳೆಯ 3ನೆಯ ಕಲಮು ಮುಂದುವರಿದಿದೆ. 2023ರ ಅಕ್ಟೋಬರ್‌ನಲ್ಲಿ ತೆಲಂಗಾಣದಿಂದ ಬಂದ ಮತ್ತೊಂದು ಪ್ರಕರಣದಲ್ಲಿಯೂ, ಗ್ರಾಹಕನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಮಧ್ಯಸ್ಥಿಕೆಗೆ ದೂಡಲಾಗದು ಎಂಬ ನಿಲುವು ದೃಢಪಟ್ಟಿತು.

ರೇರಾ ಕಾಯಿದೆಯ 88ನೆಯ ಕಲಮು ಕೂಡ ಅದೇ ಬಗೆಯ ಹೆಚ್ಚುವರಿ ಪರಿಹಾರದ ಭಾಷೆಯಲ್ಲಿದೆ, 89ನೆಯ ಕಲಮು ಅದಕ್ಕೆ ಇತರ ಕಾನೂನುಗಳ ಮೇಲೆ ಪ್ರಾಬಲ್ಯ ನೀಡುತ್ತದೆ. ರೇರಾ ಇದ್ದರೂ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ ಎಂದು 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹೀಗಾಗಿ ಮನೆ ಕೊಂಡವನಿಗೆ ಮೂರು ಬಾಗಿಲುಗಳು: ರೇರಾ, ಗ್ರಾಹಕ ಆಯೋಗ ಮತ್ತು ಬೇಕಾದರೆ ಮಧ್ಯಸ್ಥಿಕೆ. ಯಾವ ಬಾಗಿಲು ಎಂಬುದನ್ನು ನಿರ್ಧರಿಸುವವನು ಅವನೇ, ಬಿಲ್ಡರ್ ಅಲ್ಲ.

ಈ ನಿಯಮ ಮನೆಗಳಿಗೆ ಮಾತ್ರ ಮೀಸಲಲ್ಲ ಎಂಬುದನ್ನು ತಯಾರಕರು ನೆನಪಿಡಬೇಕು. ನೀರಿನ ಪಂಪು, ಗೀಸರು, ಸೋಲಾರ್ ಹೀಟರು ಮುಂತಾದವನ್ನು ನೇರವಾಗಿ ಗ್ರಾಹಕರಿಗೆ ಮಾರುವ ಘಟಕಗಳು ವಾರಂಟಿ ಕಾರ್ಡಿನಲ್ಲಿ ಮಧ್ಯಸ್ಥಿಕೆ ಷರತ್ತನ್ನು ಅಚ್ಚು ಹಾಕಿಸಿಕೊಂಡು ನಿಶ್ಚಿಂತರಾಗುವಂತಿಲ್ಲ.

ಅಂಗಡಿ ಮಳಿಗೆ ಕೊಂಡ ವರ್ತಕನ ಸ್ಥಿತಿ

ವರ್ತಕನೇ ಖರೀದಿದಾರನಾದಾಗ ಒಂದು ಸೂಕ್ಷ್ಮವಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಸಾಮಾನ್ಯವಾಗಿ ಗ್ರಾಹಕನೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡಿದ್ದರೆ ಮಾತ್ರ ವಿನಾಯಿತಿ. ಆದರೆ ರೇರಾ ಕಾಯಿದೆಯ ಅಪಾರ್ಟ್‌ಮೆಂಟ್ ಎಂಬ ಪದದ ವ್ಯಾಖ್ಯೆಯಲ್ಲಿ ಅಂಗಡಿ, ಕಚೇರಿ, ಷೋರೂಮು ಮತ್ತು ಗೋದಾಮುಗಳೂ ಸೇರಿವೆ. ಆದ್ದರಿಂದ ವಾಣಿಜ್ಯ ಸಂಕೀರ್ಣದಲ್ಲಿ ಮಳಿಗೆ ಕೊಂಡ ವರ್ತಕನಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದ್ದರೂ, ಯೋಜನೆಗೆ ರೇರಾ ಅನ್ವಯವಾಗುವಲ್ಲಿ ಪ್ರಾಧಿಕಾರದ ಬಾಗಿಲು ತೆರೆದಿರುತ್ತದೆ.

ಅಮೆರಿಕದ ಹಾದಿ ಬೇರೆ

ಈ ಸ್ಥಿತಿ ಎಲ್ಲ ದೇಶಗಳಲ್ಲಿಯೂ ಇಲ್ಲ. ಅಮೆರಿಕದಲ್ಲಿ 1925ರ ಫೆಡರಲ್ ಮಧ್ಯಸ್ಥಿಕೆ ಕಾಯಿದೆಯ ಬಲ ಹೆಚ್ಚು. ಮನೆಯೊಂದರ ಗೆದ್ದಲು ನಿರೋಧಕ ಕರಾರಿನ ಕುರಿತ 1995ರ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯ ವ್ಯಾಪ್ತಿಯನ್ನು ಬಹಳ ವಿಸ್ತಾರವಾಗಿ ಓದಿತು. 2011ರಲ್ಲಿ ಮೊಬೈಲ್ ಸೇವೆಗೆ ಸಂಬಂಧಿಸಿದ ಮತ್ತೊಂದು ತೀರ್ಪು ಗ್ರಾಹಕ ಕರಾರುಗಳಲ್ಲಿನ ಷರತ್ತುಗಳಿಗೆ ಇನ್ನಷ್ಟು ಬಲ ತಂದಿತು. ಟೆಕ್ಸಾಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ, ಬಿಲ್ಡರ್‌ನಿಂದ ನೇರವಾಗಿ ಕೊಳ್ಳದೆ ಎರಡನೆಯ ಕೈಯಿಂದ ಮನೆ ಪಡೆದವರನ್ನೂ ಮೂಲ ಕರಾರಿನ ಮಧ್ಯಸ್ಥಿಕೆ ಷರತ್ತು ಕಟ್ಟುತ್ತದೆ ಎಂದಿತು. ಇದಕ್ಕೆ ಅಪವಾದಗಳೂ ಇವೆ. ದಕ್ಷಿಣ ಕೆರೊಲಿನಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ, ವಾರಂಟಿಯ ಹಕ್ಕುಗಳನ್ನೇ ಕಸಿಯುವ ಏಕಪಕ್ಷೀಯ ನಿಬಂಧನೆಗಳೊಡನೆ ಹೆಣೆದುಕೊಂಡಿದ್ದ ಇಂತಹ ಷರತ್ತನ್ನು ಜಾರಿಗೊಳಿಸಲು ನಿರಾಕರಿಸಿತು. ಅಲ್ಲಿ ಷರತ್ತು ಸಾಮಾನ್ಯ ನಿಯಮ, ವಿನಾಯಿತಿ ಅಪರೂಪ. ಇಲ್ಲಿ ಗ್ರಾಹಕನ ಆಯ್ಕೆಯೇ ನಿಯಮ.

ಸರಪಳಿಯ ಕೆಳಗಿನ ಕೊಂಡಿ

ಭಾರತದಲ್ಲಿ ಗ್ರಾಹಕನಿಗೆ ದೊರೆತ ಈ ರಕ್ಷಣೆ ಪೂರೈಕೆದಾರನಿಗೆ ದೊರೆಯುವುದಿಲ್ಲ. ಬಿಲ್ಡರ್ ಸಂಸ್ಥೆ ಮತ್ತು ಕಿಟಕಿ ತಯಾರಕ, ಇಬ್ಬರೂ ಕಾನೂನಿನ ಕಣ್ಣಿನಲ್ಲಿ ವ್ಯಾಪಾರಿಗಳು. ಅವರ ನಡುವಣ ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತು ಇದ್ದರೆ ಅದು ಸಿಂಧು. ಹಾಗಾದರೆ ಒಪ್ಪಂದದಲ್ಲಿ ಷರತ್ತು ಇದೆಯೇ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಸಣ್ಣ ಘಟಕಗಳ ವ್ಯವಹಾರದಲ್ಲಿ ಪ್ರತ್ಯೇಕ ಒಪ್ಪಂದ ಪತ್ರ ಇರುವುದು ಅಪರೂಪ, ಖರೀದಿ ಆದೇಶ ಮತ್ತು ಇನ್‌ವಾಯ್ಸ್‌ಗಳೇ ದಾಖಲೆ. ಪೂರ್ಣ ಷರತ್ತುಗಳು ಬೇರೊಂದು ಕಡತದಲ್ಲಿದ್ದು, ಖರೀದಿ ಆದೇಶದಲ್ಲಿ ಅವುಗಳ ಒಂದು ಸಾಲಿನ ಉಲ್ಲೇಖ ಮಾತ್ರ ಇರುತ್ತದೆ.

ಈ ಒಂದು ಸಾಲಿನ ಬಲವನ್ನು ಮೂರು ತೀರ್ಪುಗಳು ಅಳೆದಿವೆ. 2009ರ ಎಂ. ಆರ್. ಎಂಜಿನಿಯರ್ಸ್ ಪ್ರಕರಣದಲ್ಲಿ ಉಪಗುತ್ತಿಗೆದಾರನೊಬ್ಬನು ಕೇರಳ ಲೋಕೋಪಯೋಗಿ ಇಲಾಖೆಯ ಮೂಲ ಗುತ್ತಿಗೆಯಲ್ಲಿದ್ದ ಮಧ್ಯಸ್ಥಿಕೆ ಷರತ್ತನ್ನು ಆಶ್ರಯಿಸಿದ್ದನು. ಮೂಲ ಗುತ್ತಿಗೆಯ ನಿಬಂಧನೆಗಳು ಉಪಗುತ್ತಿಗೆಗೂ ಅನ್ವಯ ಎಂಬ ಸಾಮಾನ್ಯ ಉಲ್ಲೇಖದಿಂದ ಆ ಷರತ್ತು ತಾನಾಗಿ ಒಳಬರುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ 2018ರ ಐನಾಕ್ಸ್ ವಿಂಡ್ ಪ್ರಕರಣದಲ್ಲಿ, ಗಾಳಿಯಂತ್ರಗಳಿಗೆ ಕೇಬಲ್ಲು ಪೂರೈಸಿದ ಸಂಸ್ಥೆಯ ಪಾಲಿಗೆ ಫಲಿತಾಂಶ ಬೇರೆಯಾಯಿತು. ಖರೀದಿ ಆದೇಶವು ಕೊಳ್ಳುವವನ ಪ್ರಮಾಣಿತ ಷರತ್ತುಗಳನ್ನು ಉಲ್ಲೇಖಿಸಿತ್ತು, ಆ ಷರತ್ತುಗಳಲ್ಲಿ ಮಧ್ಯಸ್ಥಿಕೆ ಇತ್ತು. ಒಂದು ಪಕ್ಷದ ಪ್ರಮಾಣಿತ ಷರತ್ತುಗಳ ಸಾಮಾನ್ಯ ಉಲ್ಲೇಖವಷ್ಟೇ ಸಾಕು ಎಂದು ನ್ಯಾಯಾಲಯವು ತೀರ್ಮಾನಿಸಿತು. 2024ರ ಮಾರ್ಚ್‌ನಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ, ಬೇರೊಂದು ಟೆಂಡರಿನ ಷರತ್ತುಗಳ ಸಾಮಾನ್ಯ ಉಲ್ಲೇಖ ಸಾಲದು ಎಂಬ ಹಳೆಯ ನಿಲುವು ಪುನಃ ಕೇಳಿಬಂತು.

ವರ್ತಕನು ಇದರಿಂದ ಗ್ರಹಿಸಬೇಕಾದದ್ದು ಸರಳ. ಬಿಲ್ಡರ್ ಮತ್ತು ಮೂರನೆಯವನ ನಡುವಣ ಕರಾರಿನ ಷರತ್ತು ಸುಲಭವಾಗಿ ಅಂಟುವುದಿಲ್ಲ. ಬಿಲ್ಡರ್‌ನ ಸ್ವಂತ ಪ್ರಮಾಣಿತ ಷರತ್ತುಗಳು ಅಂಟುತ್ತವೆ, ಓದದೆ ಇದ್ದರೂ ಅಂಟುತ್ತವೆ.

ಅವಧಿಗಳ ಅಂತರ

ವಿವಾದವನ್ನು ಯಾರು ತೀರ್ಮಾನಿಸುತ್ತಾರೆ ಎಂಬುದಕ್ಕಿಂತಲೂ ಹೆಚ್ಚಿನ ಹಾನಿ ಮಾಡಬಲ್ಲದ್ದು, ಪೂರೈಕೆದಾರನ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆ. ಕಿಟಕಿ ತಯಾರಕನು ಒಂದು ವರ್ಷದ ವಾರಂಟಿ ಕೊಟ್ಟೆನೆಂದು ನಂಬಿರುತ್ತಾನೆ. ಬಿಲ್ಡರ್ ಸಂಸ್ಥೆಯ ಹೊಣೆ ಸ್ವಾಧೀನದಿಂದ ಐದು ವರ್ಷ. ನಡುವಿನ ಬಿಡುವನ್ನು ತುಂಬಲು ಸಂಸ್ಥೆಯು ತನ್ನ ಷರತ್ತುಗಳಲ್ಲಿ ಬ್ಯಾಕ್ ಟು ಬ್ಯಾಕ್ ಹೊಣೆಯ ಸಾಲೊಂದನ್ನು ಸೇರಿಸುತ್ತದೆ: ಬಿಲ್ಡರ್‌ನ ಮೇಲೆ ಯಾವ ಹೊಣೆ ಬರುತ್ತದೆಯೋ ಅದೇ ಹೊಣೆ ಪೂರೈಕೆದಾರನ ಮೇಲೆ. ಅದರ ಜೊತೆಗೆ ನಷ್ಟಭರ್ತಿಯ ಷರತ್ತೂ ಇರುತ್ತದೆ.

ನಷ್ಟಭರ್ತಿ ಸಾಮಾನ್ಯ ವಾರಂಟಿಗಿಂತ ಭಾರವಾದದ್ದು. 1872ರ ಭಾರತೀಯ ಕರಾರು ಕಾಯಿದೆಯ 125ನೆಯ ಕಲಮಿನಂತೆ, ನಷ್ಟಭರ್ತಿಯ ಭರವಸೆ ಪಡೆದವನು ತಾನು ದಾವೆಯಲ್ಲಿ ತೆರಬೇಕಾಗಿ ಬಂದ ಪರಿಹಾರವನ್ನು, ಖರ್ಚನ್ನು ಮತ್ತು ವಿವೇಕದಿಂದ ಮಾಡಿಕೊಂಡ ರಾಜಿಯ ಹಣವನ್ನು ಕೂಡ ವಸೂಲು ಮಾಡಬಹುದು. ಕಾಲಮಿತಿಯ ಲೆಕ್ಕವೂ ಬೇರೆ. 1963ರ ಕಾಲಮಿತಿ ಕಾಯಿದೆಯ 83ನೆಯ ಅನುಚ್ಛೇದದಂತೆ ನಷ್ಟಭರ್ತಿಯ ಕ್ಲೇಮಿಗೆ 3 ವರ್ಷಗಳ ಎಣಿಕೆ ಶುರುವಾಗುವುದು ನಷ್ಟ ವಾಸ್ತವವಾಗಿ ತಗುಲಿದಾಗ. ಪೀಣ್ಯದ ಘಟಕ ಸರಕು ಕೊಟ್ಟು ಆರನೆಯ ವರ್ಷ ನಡೆಯುತ್ತಿದ್ದರೂ, ಬಿಲ್ಡರ್ ಸಂಸ್ಥೆಯು ನಿವಾಸಿಗಳಿಗೆ ಹಣ ಕೊಟ್ಟದ್ದು ಈ ವರ್ಷವಾದರೆ, ಹಾಗೆ ಬರೆದುಕೊಟ್ಟ ಷರತ್ತಿನ ಮೇಲೆ ಕ್ಲೇಮು ಇನ್ನೂ ಜೀವಂತವಾಗಿರಬಹುದು.

ಒಂದು ಸಮಾಧಾನವಿದೆ. ರೇರಾದ ಮುಂದೆ ಪಕ್ಷಗಾರನಾಗಿರದ ಪೂರೈಕೆದಾರನ ಮೇಲೆ ಆ ಆದೇಶ ತಾನಾಗಿ ಬಂಧಕವಾಗುವುದಿಲ್ಲ. ದೋಷ ಕಿಟಕಿಯದೋ, ಗೋಡೆಯ ಅಂಚಿನ ಗಾರೆಯದೋ, ಅಳವಡಿಸಿದ ಕೂಲಿಯವರ ಕೆಲಸದ್ದೋ ಎಂಬುದನ್ನು ಬಿಲ್ಡರ್ ಸಂಸ್ಥೆಯು ಮಧ್ಯಸ್ಥಗಾರನ ಮುಂದೆ ಸಾಬೀತು ಮಾಡಬೇಕು. ಆದರೆ ಬಿಲ್ಡರ್ ತೆತ್ತ ಹಣವೇ ಅಂತಿಮ ಸಾಕ್ಷ್ಯ ಎಂಬ ಸಾಲನ್ನು ಪೂರೈಕೆದಾರನು ಸಹಿ ಮಾಡಿ ಒಪ್ಪಿದ್ದರೆ ಈ ಸಮಾಧಾನವೂ ತೆಳುವಾಗುತ್ತದೆ.

ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 84ನೆಯ ಕಲಮು ಉತ್ಪನ್ನದ ದೋಷಕ್ಕೆ ತಯಾರಕನನ್ನು ನೇರವಾಗಿ ಹೊಣೆ ಮಾಡುತ್ತದೆ. ಉತ್ಪನ್ನವೇ ಕೆಟ್ಟ ನಷ್ಟ ಅದರಲ್ಲಿ ಸೇರುವುದಿಲ್ಲ, ಅದರಿಂದ ವ್ಯಕ್ತಿಗೋ ಬೇರೆ ಆಸ್ತಿಗೋ ಆದ ಹಾನಿ ಸೇರಬಹುದು. ಕಳಚಿ ಬಿದ್ದ ಕಿಟಕಿಯಿಂದ ಗಾಯವಾದರೆ, ಗಾಯಗೊಂಡ ಗ್ರಾಹಕನೊಡನೆ ಘಟಕಕ್ಕೆ ಯಾವ ಕರಾರೂ ಇಲ್ಲವೆಂಬ ಉತ್ತರ ಸಾಲದು.

ಸ್ಥಳ, ಮಧ್ಯಸ್ಥಗಾರ ಮತ್ತು ವೆಚ್ಚ

ಷರತ್ತಿನಲ್ಲಿ ಮಧ್ಯಸ್ಥಿಕೆಯ ಪೀಠಸ್ಥಳ ಗುರುಗ್ರಾಮ ಎಂದಿದ್ದರೆ, ಮಧ್ಯಸ್ಥಿಕೆಗೆ ಸಂಬಂಧಿಸಿದ ಅರ್ಜಿಗಳೆಲ್ಲವೂ ಸಾಮಾನ್ಯವಾಗಿ ಅಲ್ಲಿನ ನ್ಯಾಯಾಲಯಗಳ ವ್ಯಾಪ್ತಿಗೆ ಸೇರುತ್ತವೆ. ಪ್ರಯಾಣ, ವಕೀಲರ ಶುಲ್ಕ, ಸಾಕ್ಷಿಗಳ ಓಡಾಟ ಇವುಗಳ ಲೆಕ್ಕ ಹಾಕಿದರೆ ಸಣ್ಣ ಘಟಕ ಎಷ್ಟೋ ವೇಳೆ ನ್ಯಾಯ ತನ್ನ ಕಡೆ ಇದ್ದರೂ ರಾಜಿಗೆ ಒಪ್ಪುತ್ತದೆ.

ಮಧ್ಯಸ್ಥಗಾರನನ್ನು ಬಿಲ್ಡರ್ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರೇ ನೇಮಿಸುತ್ತಾರೆ ಎಂಬ ಸಾಲು ಹಳೆಯ ನಮೂನೆಗಳಲ್ಲಿ ಈಗಲೂ ಕಂಡುಬರುತ್ತದೆ. ಅದಕ್ಕೆ ಈಗ ಬಲವಿಲ್ಲ. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ, ವಿವಾದದ ಫಲಿತಾಂಶದಲ್ಲಿ ಹಿತಾಸಕ್ತಿ ಇರುವ ಒಂದು ಪಕ್ಷ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2024ರ ನವೆಂಬರ್ 8ರಂದು ಸಂವಿಧಾನ ಪೀಠವು ರೈಲ್ವೆ ವಿದ್ಯುದೀಕರಣ ಸಂಸ್ಥೆಯ ಪ್ರಕರಣದಲ್ಲಿ, ಇಂತಹ ಏಕಪಕ್ಷೀಯ ನೇಮಕವು ಪಕ್ಷಗಳ ಸಮಾನತೆಗೆ ವಿರುದ್ಧ ಎಂಬುದನ್ನು ದೃಢಪಡಿಸಿತು. ಆಕ್ಷೇಪಣೆಯ ಹಕ್ಕನ್ನು ಬಿಟ್ಟುಕೊಡಬೇಕಾದರೆ, ವಿವಾದ ಹುಟ್ಟಿದ ಮೇಲೆ ಸ್ಪಷ್ಟ ಲಿಖಿತ ಒಪ್ಪಿಗೆ ಬೇಕು. ಹಾಗಾಗಿ ನೇಮಕದ ಪತ್ರ ಬಂದಾಗ ಒಪ್ಪಿದೆ ಎಂದು ಬರೆದು ಕಳುಹಿಸುವ ಮೊದಲು ಯೋಚಿಸುವುದು ಒಳಿತು.

ಶುಲ್ಕದ ಒಂದು ಅಂದಾಜು ಇಲ್ಲಿ ಉಪಯುಕ್ತ. ಕಾಯಿದೆಯ ನಾಲ್ಕನೆಯ ಅನುಸೂಚಿಯ ಮಾದರಿ ಪ್ರಮಾಣದಂತೆ 5 ಲಕ್ಷ ರೂಪಾಯಿವರೆಗಿನ ವಿವಾದಕ್ಕೆ ಮಧ್ಯಸ್ಥಗಾರನ ಶುಲ್ಕ 45,000 ರೂಪಾಯಿ. ಅಲ್ಲಿಂದ 20 ಲಕ್ಷದವರೆಗೆ, 5 ಲಕ್ಷ ಮೀರಿದ ಮೊತ್ತದ ಮೇಲೆ ಶೇಕಡಾ 3.5 ಹೆಚ್ಚುವರಿ. 12 ಲಕ್ಷದ ವಿವಾದಕ್ಕೆ ಇದು 69,500 ರೂಪಾಯಿ ಆಗುತ್ತದೆ. ಒಬ್ಬನೇ ಮಧ್ಯಸ್ಥಗಾರನಿದ್ದರೆ ಇದರ ಮೇಲೆ ಶೇಕಡಾ 25 ಸೇರಿ 86,875 ರೂಪಾಯಿ. ಮೂವರಿದ್ದರೆ ತಲಾ 69,500ರಂತೆ 2,08,500 ರೂಪಾಯಿ. ಪಕ್ಷಗಳು ಒಪ್ಪದಿದ್ದರೆ ಈ ಪ್ರಮಾಣ ಕಡ್ಡಾಯವಲ್ಲ ಎಂದು 2022ರಲ್ಲಿ ಒಎನ್‌ಜಿಸಿ ಪ್ರಕರಣದಲ್ಲಿ ತೀರ್ಮಾನವಾಗಿರುವುದರಿಂದ, ವಾಸ್ತವ ಶುಲ್ಕ ಇದಕ್ಕಿಂತ ಹೆಚ್ಚೂ ಇರಬಹುದು. ಸಣ್ಣ ಮೊತ್ತದ ವ್ಯವಹಾರಕ್ಕೆ ಮೂವರ ಮಂಡಳಿ ಎಂಬ ಷರತ್ತು ದುಬಾರಿ ಆಡಂಬರ.

ಸಣ್ಣ ಉದ್ಯಮದ ಕೈಯಲ್ಲಿರುವ ಕಾನೂನು

ಈ ಸರಪಳಿಯಲ್ಲಿ ಕಾನೂನು ಸಣ್ಣ ತಯಾರಕನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 18ನೆಯ ಕಲಮಿನಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮವು ತನಗೆ ಬರಬೇಕಾದ ಬಾಕಿಗಾಗಿ ಸೌಲಭ್ಯ ಮಂಡಳಿಯನ್ನು ಸಂಪರ್ಕಿಸಬಹುದು. ಮಂಡಳಿಯು ಮೊದಲು ಸಂಧಾನಕ್ಕೆ ಯತ್ನಿಸುತ್ತದೆ, ಅದು ವಿಫಲವಾದರೆ ಮಧ್ಯಸ್ಥಿಕೆ ನಡೆಯುತ್ತದೆ. ಕೊಳ್ಳುವವನು ದೇಶದ ಯಾವ ಮೂಲೆಯಲ್ಲಿದ್ದರೂ, ಪೂರೈಕೆದಾರನಿರುವ ಸ್ಥಳದ ಮಂಡಳಿಗೆ ಅಧಿಕಾರವಿದೆ. 2022ರ ಅಕ್ಟೋಬರ್ 31ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಕ್ಷಗಳ ನಡುವೆ ಪ್ರತ್ಯೇಕ ಮಧ್ಯಸ್ಥಿಕೆ ಕರಾರು ಇದ್ದರೂ ಈ ಕಾಯಿದೆಯೇ ಮೇಲುಗೈ ಪಡೆಯುತ್ತದೆ ಎಂದಿದೆ. ಅಂದರೆ, ಬಾಕಿ ಹಣದ ವಿವಾದವಿದ್ದಲ್ಲಿ ಗುರುಗ್ರಾಮದ ಷರತ್ತನ್ನು ಬದಿಗೊತ್ತಿ ಕರ್ನಾಟಕದ ಮಂಡಳಿಯ ಮುಂದೆ ನಿಲ್ಲುವ ಅವಕಾಶವಿದೆ. ಬಿಲ್ಡರ್ ಸಂಸ್ಥೆಯು ದೋಷದ ಪ್ರತಿ ಕ್ಲೇಮನ್ನು ಅಲ್ಲಿಯೇ ಸಲ್ಲಿಸಬಹುದು ಎಂದು 2021ರ ಶಿಲ್ಪಿ ಇಂಡಸ್ಟ್ರೀಸ್ ತೀರ್ಪು ಹೇಳುತ್ತದೆ. ಮಂಡಳಿಯ ಐತೀರ್ಪನ್ನು ಪ್ರಶ್ನಿಸಬೇಕಾದರೆ ಕೊಳ್ಳುವವನು ಮೊತ್ತದ ಶೇಕಡಾ 75ನ್ನು ಠೇವಣಿ ಇಡಬೇಕು.

ಇದರ ಮಿತಿಗಳನ್ನೂ ಹೇಳಬೇಕು. ಮಂಡಳಿಯ ದಾರಿ ತೆರೆಯುವುದು ಪೂರೈಕೆದಾರನಿಗೆ ಹಣ ಬಾಕಿ ಇದ್ದಾಗ, ತಡೆಹಿಡಿದ ಹಣವೂ ಅದರಲ್ಲಿ ಸೇರಬಹುದು. ಬಾಕಿ ಏನೂ ಇಲ್ಲದೆ ಬಿಲ್ಡರ್ ಸಂಸ್ಥೆಯ ಕ್ಲೇಮು ಮಾತ್ರ ಇದ್ದರೆ ಮಂಡಳಿಯಿಂದ ಸಹಾಯವಾಗದು. ಒಪ್ಪಂದಕ್ಕೆ ಮೊದಲೇ ನೋಂದಣಿ ಇರಬೇಕೇ ಎಂಬ ಪ್ರಶ್ನೆಯನ್ನು 2025ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಲಾಗಿದೆ, ಆದ್ದರಿಂದ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಮಧ್ಯಮ ಉದ್ಯಮಗಳಿಗೆ ಈ ಪರಿಹಾರವಿಲ್ಲ. ಸಗಟು ಮತ್ತು ಚಿಲ್ಲರೆ ವರ್ತಕರಿಗೆ 2021ರ ಜುಲೈನಿಂದ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಗಿದೆ. ಆದ್ದರಿಂದ ಟೈಲ್ಸು, ಪೈಪು ಮುಂತಾದವನ್ನು ಕೊಂಡು ಮಾರುವ ವರ್ತಕನು ತಯಾರಕನಿಗಿರುವ ಈ ಆಸರೆಯನ್ನು ನೆಚ್ಚುವಂತಿಲ್ಲ. ಅವನ ರಕ್ಷಣೆ ಅವನ ಕರಾರಿನಲ್ಲಿಯೇ ಇರಬೇಕು.

ಸಹಿ ಹಾಕುವ ಮೊದಲು

ಕಟ್ಟಡ ಯೋಜನೆಗಳಿಗೆ ಸರಕು ಅಥವಾ ಸೇವೆ ಒದಗಿಸುವವರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಉಚಿತ.

1. ಖರೀದಿ ಆದೇಶದಲ್ಲಿ ಪ್ರಮಾಣಿತ ಷರತ್ತುಗಳ ಉಲ್ಲೇಖವಿದ್ದರೆ ಅವುಗಳ ಪೂರ್ಣ ಪ್ರತಿಯನ್ನು ಕೇಳಿ ಪಡೆದು ಓದಬೇಕು. ಒಪ್ಪಲಾಗದ ಷರತ್ತುಗಳಿದ್ದರೆ ಸರಕು ಕಳುಹಿಸುವ ಮೊದಲೇ ಪತ್ರ ಅಥವಾ ಇ-ಮೇಲ್ ಮೂಲಕ ತಿಳಿಸಬೇಕು.

2. ವಾರಂಟಿಯ ಅವಧಿ ಯಾವ ದಿನದಿಂದ ಆರಂಭ, ಯಾವ ದಿನಕ್ಕೆ ಮುಕ್ತಾಯ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಐದು ವರ್ಷದ ಹೊಣೆಯನ್ನು ಒಪ್ಪಬೇಕಾಗಿ ಬಂದರೆ ಅದರ ವೆಚ್ಚವನ್ನು ದರದಲ್ಲಿಯೇ ಸೇರಿಸಿಕೊಳ್ಳಬೇಕು.

3. ನಷ್ಟಭರ್ತಿಗೆ ಒಂದು ಮೇಲ್ಮಿತಿ ಇರಬೇಕು. ಸರಬರಾಜಿನ ಒಟ್ಟು ಬೆಲೆಯನ್ನು ಮೀರದಂತೆ ನಿಗದಿಪಡಿಸುವುದು ಒಂದು ಸಾಧ್ಯತೆ.

4. ದೂರು ಬಂದ ಕೂಡಲೇ ಪೂರೈಕೆದಾರನಿಗೆ ನೋಟಿಸು ಕೊಡಬೇಕು, ಸ್ಥಳ ತನಿಖೆಗೆ ಅವಕಾಶವಿರಬೇಕು, ತನ್ನನ್ನು ಕೇಳದೆ ರಾಜಿ ಮಾಡಿಕೊಂಡ ಹಣಕ್ಕೆ ತಾನು ಹೊಣೆಯಲ್ಲ ಎಂಬ ನಿಬಂಧನೆಯನ್ನು ಸೇರಿಸಬೇಕು.

5. ಪೀಠಸ್ಥಳ ಕರ್ನಾಟಕದಲ್ಲಿಯೇ ಇರುವಂತೆ, ಮಧ್ಯಸ್ಥಗಾರ ಒಬ್ಬನೇ ಇರುವಂತೆ ಕೋರಬೇಕು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರವಿರುವುದರಿಂದ ಸಾಂಸ್ಥಿಕ ಮಧ್ಯಸ್ಥಿಕೆಗೆ ದೂರ ಹೋಗಬೇಕಾಗಿಲ್ಲ.

6. ಕಚ್ಚಾವಸ್ತು ಕೊಟ್ಟವನಿಂದಲೂ ಅದೇ ಅವಧಿಯ ವಾರಂಟಿಯನ್ನು ಲಿಖಿತವಾಗಿ ಪಡೆಯಬೇಕು. ಸರಪಳಿ ತನ್ನ ಬಳಿಯೇ ತುಂಡಾದರೆ ಭಾರ ತನ್ನ ಮೇಲೆಯೇ ಉಳಿಯುತ್ತದೆ.

7. ಪರೀಕ್ಷಾ ವರದಿ, ತಂಡದ ಸಂಖ್ಯೆ, ಸರಕು ಸ್ವೀಕಾರದ ರಸೀತಿ, ಅಳವಡಿಕೆಯ ಸೂಚನಾ ಪತ್ರ ಇವನ್ನು ಸ್ವಾಧೀನದ ದಿನದಿಂದ ಕನಿಷ್ಠ ಎಂಟು ವರ್ಷ ಕಾಪಾಡಬೇಕು. ಐದು ವರ್ಷದ ಹೊಣೆಗೆ ಮೂರು ವರ್ಷದ ಕಾಲಮಿತಿ ಸೇರಿಸಿದರೆ ಬರುವ ಲೆಕ್ಕವಿದು.

8. ಬಿಲ್ಡರ್ ಸಂಸ್ಥೆಯಿಂದ ಮಧ್ಯಸ್ಥಿಕೆಯ ನೋಟಿಸು ಬಂದರೆ ಅದನ್ನು ಕಡತದಲ್ಲಿಟ್ಟು ಸುಮ್ಮನಿರಬಾರದು. ಹಾಜರಾಗದಿದ್ದರೂ ವಿಚಾರಣೆ ನಡೆದು ಐತೀರ್ಪು ಹೊರಬೀಳಬಹುದು.

ಹೊಸ ಮನೆಯ ವಾರಂಟಿಯ ವಿಷಯದಲ್ಲಿ ಕಳೆದ ಮೂರು ದಶಕಗಳ ತೀರ್ಪುಗಳು ಖರೀದಿದಾರನ ಆಯ್ಕೆಯನ್ನು ಕಾಪಾಡಿವೆ. ಅದು ನ್ಯಾಯವೇ, ಏಕೆಂದರೆ ಮುದ್ರಿತ ಕರಾರಿನ ಒಂದು ಸಾಲನ್ನೂ ಬದಲಿಸುವ ಶಕ್ತಿ ಅವನಿಗಿರಲಿಲ್ಲ. ದೊಡ್ಡ ಬಿಲ್ಡರ್ ಸಂಸ್ಥೆಯ ಖರೀದಿ ಆದೇಶದ ಮುಂದೆ ಸಣ್ಣ ತಯಾರಕನ ಶಕ್ತಿಯೂ ಅಷ್ಟೇ ಇರಬಹುದು, ಆದರೆ ಕಾನೂನು ಅವನನ್ನು ವ್ಯಾಪಾರಿಯೆಂದೇ ಎಣಿಸುತ್ತದೆ, ಅವನು ಷರತ್ತುಗಳನ್ನು ಓದಿಯೇ ಸಹಿ ಹಾಕಿದ್ದಾನೆಂದು ಭಾವಿಸುತ್ತದೆ. ಓದುವ ಆ ಕೆಲಸಕ್ಕೆ ಒಂದು ಗಂಟೆ ಬೇಕಾಗಬಹುದು. ಓದದಿದ್ದಾಗ ಬರುವ ಬಿಲ್ಲು ಆರು ವರ್ಷಗಳ ನಂತರ, ಮಳೆಗಾಲದ ಒಂದು ದಿನ, ಅಂಚೆಯಲ್ಲಿ ಬರುತ್ತದೆ.